ನಿಂತ ಜಾಗ ಮೊದಲು ಬರೆಯಿರಿ: ರಾಕ್ ಶೋ ನೋಡಿ ಬಂದು ಅನಿಸಿಕೆ ಬರೆಯುವವರಿಗೆ

ಒಂದೇ ಶೋಗೆ ಹೋಗಿಬಂದ ಇಬ್ಬರಲ್ಲಿ ಒಬ್ಬರು ‘ಹಾಡುಗಾರನ ಗಂಟಲೇ ಕೇಳಿಸಲಿಲ್ಲ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಒಂದೊಂದು ಅಕ್ಷರವೂ ಸ್ಪಷ್ಟ’ ಅನ್ನುತ್ತಾರೆ. ಇಬ್ಬರದೂ ನಿಜವೇ. ಒಬ್ಬರು ಬ್ಯಾರಿಕೇಡಿಗೆ ಅಂಟಿಕೊಂಡು ನಿಂತಿದ್ದರು, ಇನ್ನೊಬ್ಬರು ಎಲ್ಲ ವಾದ್ಯ-ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸರ್ ಪಕ್ಕದಲ್ಲಿದ್ದರು. ಅದನ್ನು ಇಬ್ಬರೂ ಬರೆಯದೆ ಬಿಟ್ಟಿದ್ದಕ್ಕೇ ಜಗಳ. ಆದ್ದರಿಂದ ಅನಿಸಿಕೆಯ ಮೊದಲ ಎರಡು ಸಾಲಿನಲ್ಲೇ ಊರು, ಮೈದಾನ, ತಾರೀಖು, ಜೊತೆಗೆ ‘ವೇದಿಕೆಗೆ ಎದುರಾಗಿ ಎಡಕ್ಕೆ, ಸುಮಾರು 20 ಮೀಟರ್ ದೂರ’ ಎಂಬಷ್ಟು ವಿವರ ಇರಲಿ.

ಜಾಗ ಬದಲಾದರೆ ಏನೇನು ಬದಲಾಗುತ್ತದೆ? ಮುಂದಿನ ಸಾಲಿನಲ್ಲಿ ನಿಂತವರ ಕಿವಿಗೆ ಡ್ರಮ್ಸ್ ಮತ್ತು ಗಿಟಾರ್ ಆಂಪ್‌ಗಳ (ಗಿಟಾರ್ ದನಿ ಹೆಚ್ಚಿಸುವ ಪೆಟ್ಟಿಗೆಗಳ) ಶಬ್ದ ನೇರವಾಗಿ ಬಡಿಯುತ್ತದೆ. ಹಾಡುಗಾರನ ದನಿ ಬರುವುದು ಮೇಲೆ ನೇತುಹಾಕಿದ ದೊಡ್ಡ ಸ್ಪೀಕರ್‌ಗಳಿಂದ, ಅದು ಬಹುಮಟ್ಟಿಗೆ ಅವರ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಅಲ್ಲಿ ನಿಂತು ‘ದನಿ ಕಡಿಮೆ’ ಅಂತ ದೂರುವುದು ಬಾಲ್ಕನಿಯಲ್ಲಿ ಕೂತು ನಟನ ಕಣ್ಣು ಕಾಣಲಿಲ್ಲ ಅಂದಹಾಗೆ. ಬೇಸ್‌ನ ಕಥೆ ಇನ್ನೂ ವಿಚಿತ್ರ. ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್‌ಗಳಾದ ಸಬ್‌ವೂಫರ್‌ಗಳನ್ನು ವೇದಿಕೆಯ ಎಡಬಲಕ್ಕೆ ಪೇರಿಸಿಟ್ಟಿದ್ದರೆ ಎರಡೂ ಕಡೆಯ ಅಲೆಗಳು ಮೈದಾನದ ನಡುಗೆರೆಯಲ್ಲಿ ಕೂಡಿಕೊಂಡು ಎದೆಗೆ ಗುದ್ದುತ್ತವೆ. ಪಕ್ಕಕ್ಕೆ ಸರಿದರೆ ಕೆಲವು ಕಡೆ ಒಂದನ್ನೊಂದು ನುಂಗಿಹಾಕುತ್ತವೆ. ಬೇಸ್ ಮಾಯವಾಯಿತು ಅನ್ನಿಸಿದಾಗ ಎರಡು ಮೂರು ಹೆಜ್ಜೆ ಅತ್ತಿತ್ತ ನಡೆದು ನೋಡಿ. ತಿರುಗಿ ಬಂದರೆ ತಪ್ಪು ಬೇಸಿಸ್ಟ್‌ನದಲ್ಲ. ತೀರಾ ಹಿಂದೆ ನಿಂತಾಗ ಡ್ರಮ್ಮರ್ ಕೈ ಮೊದಲು ಬಿದ್ದು ಶಬ್ದ ಆಮೇಲೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಹಾಗಾಗಿ 100 ಮೀಟರ್ ದೂರಕ್ಕೆ ಸುಮಾರು 0.3 ಸೆಕೆಂಡ್ ತಡ. ಇದನ್ನು ‘ಲಯ ತಪ್ಪಿತು’ ಎಂದು ಬರೆದವರೂ ಇದ್ದಾರೆ!

ಸೌಂಡ್ ಬಗ್ಗೆ ತೀರ್ಪು ಕೊಡಲೇಬೇಕು ಅಂತಿದ್ದರೆ ಕನಿಷ್ಠ ಎರಡು ಹಾಡು ಮಿಕ್ಸರ್ ಇಟ್ಟ ಕಟಕಟೆಯ ಹತ್ತಿರ ನಿಂತು ಕೇಳಿ. ಸೌಂಡ್ ಇಂಜಿನಿಯರ್ ಕಿವಿಗೆ ಬೀಳುತ್ತಿರುವುದಕ್ಕೆ ಅತಿ ಹತ್ತಿರದ ಶಬ್ದ ಸಿಗುವುದು ಅಲ್ಲೇ. ಆದರೆ ಶೋದ ಮೊದಲ ಎರಡು ಹಾಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೌಂಡ್ ಚೆಕ್, ಅಂದರೆ ಶೋಗೆ ಮುಂಚಿನ ಶಬ್ದ ಪರೀಕ್ಷೆ, ನಡೆದಿರುವುದು ಖಾಲಿ ಮೈದಾನದಲ್ಲಿ. ಜನ ತುಂಬಿದ ಮೇಲೆ ಮೈ-ಬಟ್ಟೆಗಳೇ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ, ಇಂಜಿನಿಯರ್ ಮತ್ತೆ ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊದಲಿಗೆ ನುಡಿಸುವ ಸಣ್ಣ ಬ್ಯಾಂಡಿಗಂತೂ ಎಷ್ಟೋ ಸಲ ಪೂರ್ತಿ ಸೌಂಡ್ ಚೆಕ್ಕೂ ಸಿಕ್ಕಿರುವುದಿಲ್ಲ. ಅವರನ್ನೂ ಮುಖ್ಯ ಬ್ಯಾಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯ.

ಕಿವಿ ಕೆಟ್ಟರೆ ಅನಿಸಿಕೆಯೂ ಕೆಡುತ್ತದೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುವುದಾದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ರಾಕ್ ಶೋಗಳಲ್ಲಿ 100 ದಾಟುವುದು ಅಪರೂಪವೇನಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ. ಫೋಮಿನದಾದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಉಬ್ಬಿಕೊಳ್ಳುವವರೆಗೆ 20–30 ಸೆಕೆಂಡ್ ಒತ್ತಿಹಿಡಿಯಿರಿ. ಒಂದು ಎಚ್ಚರಿಕೆ: ಫೋಮ್ ಮೇಲಿನ ಸ್ವರಗಳನ್ನೇ ಹೆಚ್ಚು ತಿನ್ನುತ್ತದೆ. ಅದನ್ನು ಹಾಕಿಕೊಂಡು ಸಿಂಬಲ್ (ಡ್ರಮ್ಸ್ ಜೊತೆಗಿನ ತಾಳದ ತಟ್ಟೆ) ಮಂಕಾಗಿತ್ತು ಅಂತ ಬರೆಯಬೇಡಿ. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಸಿಗುತ್ತವೆ. ಆಗಾಗ ಶೋಗೆ ಹೋಗುವವರಿಗೆ ಅವು ಲೇಸು.

ಫೋನ್‌ನಲ್ಲಿ ಇಡೀ ಹಾಡು ವಿಡಿಯೊ ಮಾಡುವ ಚಟ ಬಿಟ್ಟರೆ ಅರ್ಧ ಕೆಲಸ ಆದಂತೆ. ಅಂಥ ಗದ್ದಲಕ್ಕೆ ಫೋನಿನ ಮೈಕ್ ಒಡೆದ ದನಿಯನ್ನೇ ಹಿಡಿಯುತ್ತದೆ, ಏರಿಳಿತವನ್ನು ತಾನೇ ಚಪ್ಪಟೆ ಮಾಡಿಬಿಡುತ್ತದೆ. ಮರುದಿನ ಅದನ್ನು ಕೇಳಿ ಬರೆದರೆ ನಿಮ್ಮ ಫೋನಿನ ವಿಮರ್ಶೆ ಬರೆದಹಾಗಾಗುತ್ತದೆ. ಬದಲಿಗೆ ಪರದೆಯ ಬೆಳಕು ತಗ್ಗಿಸಿ, ಹಾಡಿಗೊಂದು ಸಾಲು ಟಿಪ್ಪಣಿ ಹಾಕಿ: ‘8.12 – 4ನೇ ಹಾಡು – ಬೇಸ್ ಇಲ್ಲ – 2ನೇ ಚರಣಕ್ಕೆ ಬಂತು – ಜನ ಸುಮ್ಮನೆ’. ಇಷ್ಟು ಸಾಕು. ಹಾಡು ಗುರುತು ಸಿಗದಿದ್ದರೆ ಪಲ್ಲವಿಯಲ್ಲಿ ಕಿವಿಗೆ ಬಿದ್ದ ಮೂರು ಪದ ಬರೆದಿಟ್ಟುಕೊಳ್ಳಿ.

ಇನ್ನು ತಪ್ಪು ಹಿಡಿಯುವ ವಿಷಯ. ಅಭಿಮಾನಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

‘ಹಾಡು ಸಪ್ಪೆಯಾಗಿತ್ತು, ಇಳಿದ ಹಾಗಿತ್ತು’ ಅನ್ನುವ ಮೊದಲು ಶ್ರುತಿ ಯಾವುದೆಂದು ನೋಡಿ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ 1990ರ ದಶಕದಿಂದೀಚೆಗೆ ವೇದಿಕೆಯಲ್ಲಿ ಸಾಮಾನ್ಯವಾಗಿ ಗಿಟಾರ್‌ಗಳನ್ನು ಅರ್ಧ ಸ್ವರ ಇಳಿಸಿಕೊಂಡೇ ನುಡಿಸುತ್ತದೆ. ಹಳೆಯ ಆಲ್ಬಮ್ ಕೇಳಿ ಪಳಗಿದ ಕಿವಿಗೆ ಅದು ಬೇರೆಯಾಗಿ ಕೇಳಿಸುವುದು ಸಹಜ. ವಯಸ್ಸಾದ ಗಂಟಲಿಗೆ ಶ್ರುತಿ ಇಳಿಸಿಕೊಳ್ಳುವುದು ನಮ್ಮ ಕಛೇರಿಗಳಲ್ಲೂ ಇರುವುದೇ ತಾನೆ? ವೇಗದ ಬಗ್ಗೆ ಅನುಮಾನ ಬಂದರೆ 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಿತ್ತು ಎಣಿಸಿ ನಾಲ್ಕರಿಂದ ಗುಣಿಸಿ, ಆಲ್ಬಮ್ಮಿನದನ್ನೂ ಹಾಗೇ ಎಣಿಸಿ. ‘132ರ ಜಾಗದಲ್ಲಿ 144’ ಎಂಬ ಮಾತಿಗಿರುವ ತೂಕ ‘ತುಂಬಾ ಫಾಸ್ಟ್ ಹೊಡೆದರು’ ಎಂಬುದಕ್ಕಿಲ್ಲ.

ಕುಂಯ್ ಎಂದು ಕಿವಿ ಸೀಳುವ ಫೀಡ್‌ಬ್ಯಾಕ್ ಬಂದರೆ, ಮೈಕ್ ತನ್ನದೇ ಸ್ಪೀಕರಿನ ದನಿಯನ್ನು ಮತ್ತೆ ಹಿಡಿದು ಸುತ್ತುತ್ತಿದೆ ಎಂದರ್ಥ. ಒಂದೆರಡು ಸಲ ಬಂದರೆ ಬರೆಯಬೇಕಿಲ್ಲ, ಹಾಡುಹಾಡಿಗೂ ಬಂದರೆ ಬರೆಯಿರಿ. ದನಿ ತುಂಡುತುಂಡಾಗಿ ಕಡಿದುಹೋದರೆ ಸಾಮಾನ್ಯವಾಗಿ ವೈರ್‌ಲೆಸ್ ಮೈಕಿನ ಸಿಗ್ನಲ್ ಸಮಸ್ಯೆ ಅಥವಾ ಸಡಿಲ ಕೇಬಲ್. ಎಲ್ಲವೂ ಕಲಸಿಹೋಗಿ ಗವ್ವೆನ್ನುತ್ತಿದ್ದರೆ 200–400 ಹರ್ಟ್ಸ್ ಆಸುಪಾಸಿನಲ್ಲಿ ಗಿಟಾರ್, ಬೇಸ್, ಕಿಕ್ ಡ್ರಮ್ ಮೂರೂ ಒಂದರ ಮೇಲೊಂದು ಕೂತಿವೆ. ಅದು ಮಿಕ್ಸಿನ ತಪ್ಪು, ನುಡಿಸಿದವರದಲ್ಲ. ಬಯಲಿನಲ್ಲಿ ಶಬ್ದ ಉಯ್ಯಾಲೆಯಂತೆ ಹೋಗಿಬರುತ್ತಿದ್ದರೆ ಗಾಳಿಯನ್ನು ದೂರಿ.

‘ಬರೀ ತುಟಿ ಅಲ್ಲಾಡಿಸಿದರು’ ಎಂಬ ಆರೋಪ ಹೊರಿಸಲು ಆತುರ ಬೇಡ. ಹಾಡುಗಾರ ಮೈಕ್ ದೂರ ಹಿಡಿದಾಗ ದನಿ ತೆಳುವಾಯಿತೇ, ಉಸಿರು ಕೇಳಿಸಿತೇ, ಓಡಾಡಿದ ಮೇಲೆ ಏದುಸಿರು ಬಂತೇ ಗಮನಿಸಿ. ಹಿನ್ನೆಲೆಯ ಕೋರಸ್ ಅಥವಾ ಕೀಬೋರ್ಡ್ ಮಾತ್ರ ಮೊದಲೇ ಮುದ್ರಿಸಿದ್ದಿರಬಹುದು. ಹಾಗಿದ್ದರೆ ಅಷ್ಟನ್ನೇ ಹೇಳಿ. ಐರನ್ ಮೇಡನ್‌ನಂಥ ಬ್ಯಾಂಡಿನಲ್ಲಿ ಮೂವರು ಗಿಟಾರಿಗರಿದ್ದಾರೆ. ಸೋಲೋ ಯಾರದೆಂದು ಕಣ್ಣಾರೆ ಕಾಣದಿದ್ದರೆ ಹೆಸರು ಹಾಕಬೇಡಿ.

ಶೋ ಬೇಗ ಮುಗಿಯಿತು ಎಂದು ಬ್ಯಾಂಡನ್ನು ಬಯ್ಯುವವರು ಗಡಿಯಾರ ನೋಡಲಿ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯವು. ಅವುಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿವರೆಗೆ ಸಡಿಲಿಸಬಹುದು. ಶುರುವಾಗಿದ್ದೇ ಒಂದು ಗಂಟೆ ತಡ ಎಂದರೆ ಆ ಗಂಟೆ ಕೊನೆಯ ಹಾಡುಗಳಿಂದಲೇ ಕಡಿತ. ಯಾವ ಹಾಡು ಬಿಟ್ಟುಹೋಯಿತು ಎಂಬುದರ ಜೊತೆ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನೂ ಬರೆಯಿರಿ.

ಹಿನ್ನೆಲೆಯನ್ನೂ ಒಂದೆರಡು ಸಾಲಲ್ಲಿ ಕೊಡಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ಬ್ಯಾರಿಕೇಡ್ ಗಲಾಟೆಯಲ್ಲಿ ರದ್ದಾಗಿತ್ತು, ಹೀಗಾಗಿ ಬೆಂಗಳೂರಿನದೇ ಭಾರತದಲ್ಲಿ ಅವರ ಮೊದಲ ಶೋ ಆಯಿತು. ಇದು ಗೊತ್ತಿಲ್ಲದವರಿಗೆ ಆ ಸಂಜೆಯ ಕೂಗಾಟದ ಅರ್ಥವೇ ಆಗದು.

ಬರೆಯಲು ಕೂರುವುದು ಅದೇ ರಾತ್ರಿ. ಹತ್ತು ಸಾಲು, ತಿದ್ದದೆ. ಮರುದಿನ ಸೆಟ್‌ಲಿಸ್ಟ್ (ಶೋನಲ್ಲಿ ನುಡಿಸಿದ ಹಾಡುಗಳ ಪಟ್ಟಿ) ಹುಡುಕಿ ಹಾಡುಗಳ ಕ್ರಮ ತಾಳೆ ನೋಡಿ. ಅಂತರ್ಜಾಲದ ಸೆಟ್‌ಲಿಸ್ಟ್‌ಗಳನ್ನು ತುಂಬುವವರೂ ಅಭಿಮಾನಿಗಳೇ, ಅಲ್ಲೂ ತಪ್ಪಿರುತ್ತದೆ, ನಿಮ್ಮ ಟಿಪ್ಪಣಿಯ ಸಮಯಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ 400–600 ಪದ. ಮೊದಲ ಹಾಡಿನಿಂದ ಕೊನೆಯವರೆಗೆ ಪಟ್ಟಿ ಒಪ್ಪಿಸಬೇಡಿ, ಮೂರು ಗಳಿಗೆ ಆರಿಸಿ ಬಿಡಿಸಿ ಹೇಳಿ. ಟ್ರಾಫಿಕ್, ಪಾರ್ಕಿಂಗ್, ಶೌಚಾಲಯದ ಸಾಲು, ನೀರಿನ ಬಾಟಲಿಯ ಬೆಲೆ ಇವೆಲ್ಲ ಮುಂದೆ ಹೋಗುವವರಿಗೆ ಬೇಕಾದ ಮಾಹಿತಿಯೇ, ಆದರೆ ಅದಕ್ಕೆ ಬೇರೆ ಪ್ಯಾರಾ. ಬೇಸ್ ಸೋಲೋ ಮಧ್ಯೆ ಪಾರ್ಕಿಂಗ್ ಬರಬಾರದು.

‘ಸೂಪರ್’, ‘ಬೆಂಕಿ’, ‘ಮೈ ಜುಂ ಅಂತು’ ಬರೆದಲ್ಲೆಲ್ಲ ನಿಲ್ಲಿ. ಯಾವಾಗ ಜುಂ ಅಂತು? ಗಿಟಾರ್ ನಿಂತು ಡ್ರಮ್ಸ್ ಒಂದೇ ಉಳಿದಾಗಲೋ, ಜನರೇ ಗಿಟಾರಿನ ರಿಫ್ಫನ್ನು (ಮತ್ತೆ ಮತ್ತೆ ಬರುವ ಸಣ್ಣ ತುಣುಕನ್ನು) ‘ಓ ಓ’ ಎಂದು ಹಾಡತೊಡಗಿದಾಗಲೋ? ಕನ್ನಡದಲ್ಲಿ ಶಬ್ದಕ್ಕೆ ಮಾತಿನ ಬಡತನವಿಲ್ಲ: ಮೊರೆತ, ಗುಡುಗುಡು, ಝಲ್ಲೆನ್ನುವುದು, ಕೀರಲು, ಗೊಗ್ಗರು, ಒಡಕಲು. ಇವುಗಳಲ್ಲಿ ಸರಿಯಾದ ಒಂದು ಸಿಕ್ಕರೆ ಮೂರು ವಿಶೇಷಣ ಹೊಡೆದುಹಾಕಬಹುದು. ರಘು ದೀಕ್ಷಿತ್ ಪ್ರಾಜೆಕ್ಟಿನವರು ಶಿಶುನಾಳ ಶರೀಫರ ಪದ ಹಾಡುವಾಗ ಇನ್ನೊಂದು ಪರೀಕ್ಷೆ ಸೇರುತ್ತದೆ: ಡ್ರಮ್ಸ್ ಅಬ್ಬರದಲ್ಲಿ ಮಾತು ತಿಳಿಯಿತೇ, ಒತ್ತಕ್ಷರ ಉಳಿಯಿತೇ, ಯಾವ ನುಡಿ ಬಿಟ್ಟರು? ಇದನ್ನು ಹೊರಗಿನ ವಿಮರ್ಶಕ ಬರೆಯಲಾರ, ನೀವು ಬರೆಯಬಲ್ಲಿರಿ.

ಅನಿಸಿಕೆ ಹಾಕಿದ ಮೇಲೆ ಯಾರಾದರೂ ‘ಅದು 5ನೇ ಹಾಡಲ್ಲ, 6ನೆಯದು’ ಎಂದರೆ ಹಳೆಯ ಸಾಲನ್ನು ಗುಟ್ಟಾಗಿ ಅಳಿಸಬೇಡಿ. ಕೆಳಗೆ ತಾರೀಖಿನ ಸಮೇತ ತಿದ್ದುಪಡಿ ಹಾಕಿ.