ಹಾಳೆ ನಿಮ್ದೇ ಮೇಡಂ: ಸಿಆರ್‌ಪಿಯಾಗಿ ನನ್ನ ಅನುಭವ

"ಹೇಳೋದು ಸುಲಭ ಸಾರ್. ಒಂದು ಪಿರಿಯಡ್ ನೀವೇ ಮಾಡಿ ತೋರ್ಸಿ, ನೋಡೋಣ."

ನಾಲ್ಕನೇ ಕ್ಲಾಸಿನ ಮೇಡಂ ಹೀಗೆ ಅಂದಾಗ ನಾನು ಸಿಆರ್‌ಪಿಯಾಗಿ ಹೆಚ್ಚುಕಮ್ಮಿ ಒಂದು ವರ್ಷ ಆಗಿತ್ತು. ಸಿಆರ್‌ಪಿ ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ: ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರಿಗೆ) ಹೋಗಿ, ಪಾಠ ನೋಡಿ, ಶಿಕ್ಷಕರಿಗೆ ನೆರವಾಗುವವರು. ಆ ಒಂದು ವರ್ಷ ನಾನು ಏನು ಮಾಡಿದ್ದೆ ಅಂದರೆ, ಎಲ್ಲರೂ ಮಾಡುವುದನ್ನೇ. ಬೈಕು ನಿಲ್ಲಿಸು, ಹಾಜರಾತಿ ನೋಡು, ಬಿಸಿಯೂಟದ ರುಚಿ ನೋಡು, ಎರಡು ಕ್ಲಾಸಿಗೆ ತಲೆ ಹಾಕು, ಸಂದರ್ಶನ ಪುಸ್ತಕದಲ್ಲಿ ಅರ್ಧ ಪುಟ ಬರಿ, ಹೊರಡು. ಒಂದು ಸಲ ಹೆಡ್‌ಮಾಸ್ಟರ್ ಚಹಾ ತರಿಸುವವರೆಗೂ ಕೆಲಸ ಇರಲಿಲ್ಲ. ಸುಮ್ನೆ ಆ ಪುಸ್ತಕದ ಹಿಂದಿನ ಪುಟ ತಿರುವಿದೆ. ನನಗಿಂತ ಮುಂಚಿನ ಸಿಆರ್‌ಪಿ ಬರೆದಿದ್ದರು: 'ಹಿಂದುಳಿದ ಮಕ್ಕಳ ಕಡೆ ಗಮನ ಹರಿಸುವುದು. ಕಲಿಕೋಪಕರಣ ಬಳಸುವುದು.' ಅವರಿಗಿಂತ ಹಿಂದಿನವರೂ ಅದನ್ನೇ ಬರೆದಿದ್ದರು. ನಾನು ಹೋದ ತಿಂಗಳು ಬರೆದದ್ದೂ ಅದೇ. ಅಕ್ಷರ ಮಾತ್ರ ನನ್ನದು ಸ್ವಲ್ಪ ದುಂಡಗಿತ್ತು.

ಅದಕ್ಕೇ ಮೇಡಂ ಹಾಗೆ ಅಂದಾಗ ಚಾಕ್‌ಪೀಸ್ ತಗೊಂಡೆ. ದಶಕ ಬಿಚ್ಚಿ ಕಳೆಯುವ ಲೆಕ್ಕ, 52ರಲ್ಲಿ 27. ಬೀರುವಿನಲ್ಲಿ ಗಣಿತದ ಕಿಟ್ ಇತ್ತು, ಬೀಗದ ಕೈ ಇರಲಿಲ್ಲ. ತೆಂಗಿನ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಚೆನ್ನಾಗಿ ವಿವರಿಸಿದೆ ಅಂತ ನನಗೆ ಅನ್ನಿಸಿತು. ಸ್ಲೇಟು ನೋಡಿದರೆ 22 ಮಕ್ಕಳಲ್ಲಿ 15-16 ಜನ 35 ಅಂತ ಬರೆದಿದ್ದಾರೆ. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದಿದ್ದಾರೆ. ಪಾಠ ಮಾಡುವವರಿಗೆಲ್ಲ ಗೊತ್ತಿರುವ ತಪ್ಪೇ ಅದು. ಮತ್ತೆ ವಿವರಿಸಿದೆ. ಮತ್ತೆ 35. ಬೆಲ್ ಹೊಡೆಯಿತು.

ಮೇಡಂ ನಕ್ಕರು. ಆಮೇಲೆ ಮೆಲ್ಲಗೆ ಅಂದರು, "ನಂಗೂ ಹಿಂಗೇ ಆಗುತ್ತೆ ಸಾರ್. ಯಾರಿಗೂ ಹೇಳಿರ್ಲಿಲ್ಲ."

ಒಂದು ವರ್ಷದ ಸಂದರ್ಶನದಲ್ಲಿ ಒಬ್ಬ ಶಿಕ್ಷಕಿ ನನ್ನ ಹತ್ತಿರ ನಿಜ ಮಾತಾಡಿದ್ದು ಅದೇ ಮೊದಲು. ಅದೂ ನಾನು ಸೋತ ಮೇಲೆ.

ಅವತ್ತು ಇಬ್ಬರೂ ಕೂತು ಯೋಚಿಸಿದೆವು. ಕಟ್ಟು ಬಿಚ್ಚಿದ್ದು ನಾನು, ಮಕ್ಕಳು ಬರೀ ನೋಡಿದ್ದರು. ಮುಂದಿನ ವಾರ ಮೇಡಂ ಕಡ್ಡಿಗಳನ್ನು ಮಕ್ಕಳ ಕೈಗೇ ಕೊಟ್ಟರು. ಇನ್ನೊಂದನ್ನು ಅವರೇ ಕಂಡುಹಿಡಿದರು. ಸ್ಲೇಟಿನಲ್ಲಿ 35 ಬರೆದ ಹುಡುಗನನ್ನೇ, "ಅಂಗಡಿಗೆ 52 ರೂಪಾಯಿ ತಗೊಂಡು ಹೋದೆ, 27 ರೂಪಾಯಿ ಸಾಮಾನು ತಗೊಂಡೆ, ಎಷ್ಟು ಉಳೀತು?" ಅಂತ ಕೇಳಿದರೆ, ಅವನು ತಲೆಯಲ್ಲೇ ಲೆಕ್ಕ ಹಾಕಿ 25 ಅಂದ! ಅವರಪ್ಪನದು ಚಿಲ್ಲರೆ ಅಂಗಡಿ. ಅಲ್ಲಿಂದ ಆ ಕ್ಲಾಸಿನ ದಾರಿಯೇ ಬೇರೆ ಆಯಿತು. ಈ ಐಡಿಯಾ ನನ್ನದಲ್ಲ, ಮೇಡಂದು. ಆದರೆ ಕ್ಲಸ್ಟರಿನ ಶಿಕ್ಷಕರೆಲ್ಲ ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆಯಲ್ಲಿ ಮೊದಲ ಸಲ ಹೇಳುವಾಗ ನಾನು ಸ್ವಲ್ಪ ನನ್ನದೇ ಅನ್ನುವ ಹಾಗೆ ಹೇಳಿಬಿಟ್ಟೆ. ಆಮೇಲೆ ಬೈಸಿಕೊಂಡೆ.

ಇನ್ನು ತಲೆಬರಹದ ಹಾಳೆಯ ವಿಷಯ, ಅಂದರೆ ಈಗ ಕ್ಲಾಸು ನೋಡುವಾಗ ನಾನು ಬಳಸುವ ಹಾಳೆ. ಹಳೇ ಪ್ರಶ್ನೆಪತ್ರಿಕೆಯ ಹಿಂಬದಿ ಸಾಕು. ಕ್ಲಾಸಿನ ಹಿಂದೆ ಕೂತು ಮಕ್ಕಳು ಕೂತಿರುವ ಹಾಗೇ ಚೌಕ ಹಾಕಿಕೊಳ್ಳುತ್ತೇನೆ. ಶಿಕ್ಷಕರು ಯಾವ ಮಗುವನ್ನು ಕೇಳಿದರೂ ಆ ಚೌಕದಲ್ಲಿ ಒಂದು ಗೀಟು. ಮಗು ತಾನಾಗಿ ಮಾತಾಡಿದರೆ ಒಂದು ಚುಕ್ಕಿ. ಅಷ್ಟೇ. 'ಚೆನ್ನಾಗಿತ್ತು', 'ಸುಧಾರಿಸಬೇಕು' ಎರಡೂ ಬರೆಯುವುದಿಲ್ಲ. ಪಿರಿಯಡ್ ಮುಗಿದ ಕೂಡಲೇ ಹಾಳೆಯನ್ನು ಅವರ ಕೈಗೆ ಕೊಡುತ್ತೇನೆ. ನನ್ನ ಹತ್ತಿರ ಪ್ರತಿ ಇಲ್ಲ, ಫೋಟೋ ಇಲ್ಲ. "ಹಾಳೆ ನಿಮ್ದೇ ಮೇಡಂ, ಹರಿದು ಹಾಕಿದ್ರೂ ಸರಿ." ಆಮೇಲೆ ಒಂದೇ ಪ್ರಶ್ನೆ: ಮುಂದಿನ ಸಲ ಬಂದಾಗ ನಾನು ಏನು ಎಣಿಸಲಿ? ಅದನ್ನು ಅವರೇ ಹೇಳಬೇಕು. ಹತ್ತು ದಿನದೊಳಗೆ ವಾಪಸ್ ಹೋಗಲೇಬೇಕು. ಹದಿನೈದಾದರೆ ಇಬ್ಬರಿಗೂ ಮರೆತುಹೋಗುತ್ತದೆ, ನೋಡಿದ್ದೇನೆ.

ಈ ಸರಳ ಹಾಳೆಗೆ ಬರುವ ಮುಂಚೆ ನಾನು ಮಾಡಿದ ದಡ್ಡತನ ಕಡಿಮೆಯಲ್ಲ. ಮೊದಲು 25 ಕಾಲಂ ಇರುವ ತಪಶೀಲು ಪಟ್ಟಿ ಮಾಡಿದ್ದೆ. ಜೆರಾಕ್ಸ್‌ಗೇ 400 ರೂಪಾಯಿ ಹತ್ತಿರ ಹೋಯಿತು. ಅದನ್ನು ಕೈಯಲ್ಲಿ ಹಿಡಿದು ಒಳಗೆ ಹೋದರೆ ಸಾಕು, ಶಿಕ್ಷಕರ ಧ್ವನಿಯೇ ಬದಲಾಗುತ್ತಿತ್ತು. ಆಮೇಲೆ 'ತಿಂಗಳ ಶಿಕ್ಷಕರು' ಅಂತ ಶಾಲು ಹೊದಿಸುವುದು ಶುರು ಮಾಡಿದೆ. ಎರಡೇ ತಿಂಗಳು. ಶಾಲು ಬಂದವರಿಗೆ ಮುಜುಗರ, ಬಾರದವರಿಗೆ ಸಿಟ್ಟು.

ವಿಡಿಯೋ ಕಥೆ ಇನ್ನೂ ಕೆಟ್ಟದ್ದು. 650 ರೂಪಾಯಿ ಕೊಟ್ಟು ಮೊಬೈಲ್ ಸ್ಟ್ಯಾಂಡ್ ತಂದೆ. ಒಬ್ಬ ಮೇಡಂ ಪಾಠ ನಿಜಕ್ಕೂ ಚೆನ್ನಾಗಿತ್ತು. ಅವರನ್ನು ಕೇಳಿಯೇ ಮೂರು ನಿಮಿಷದ ತುಣುಕನ್ನು ಕ್ಲಸ್ಟರ್ ಗ್ರೂಪಿಗೆ ಹಾಕಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಯಾರೋ ಒಬ್ಬರು ಅವರ ಉಚ್ಚಾರಣೆ ಹಿಡಿದು ತಮಾಷೆ ಮಾಡಿದರು. ಅದು ಪಕ್ಕದ ಕ್ಲಸ್ಟರಿಗೂ ಹೋಯಿತು. ಮೇಡಂ ಫೋನಿನಲ್ಲಿ ಅತ್ತರು. ಎರಡು ತಿಂಗಳು ಆ ಕ್ಲಾಸಿನ ಬಾಗಿಲು ನನಗೆ ಮುಚ್ಚಿತ್ತು, ಮುಚ್ಚಿದ್ದು ನ್ಯಾಯವೇ. ಸ್ಟ್ಯಾಂಡು ಈಗ ಮನೆಯಲ್ಲಿ ಮಗಳ ಡ್ಯಾನ್ಸ್ ಪ್ರಾಕ್ಟೀಸಿಗೆ ಇದೆ.

ಹಾಳೆ ಶುರು ಮಾಡಿದ ಮೇಲೂ ಒಂದು ಪೆಟ್ಟು ತಿಂದೆ. ಐದನೇ ಕ್ಲಾಸು, ಸುಮಾರು 30 ಮಕ್ಕಳು. ಮೇಷ್ಟ್ರು ನಲವತ್ತು ನಿಮಿಷದಲ್ಲಿ ನಲವತ್ತಕ್ಕೂ ಜಾಸ್ತಿ ಪ್ರಶ್ನೆ ಕೇಳಿದರು. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಐದು ಮಕ್ಕಳಿಗೆ. ಕಿಟಕಿ ಪಕ್ಕದ ಹೆಣ್ಣುಮಕ್ಕಳ ಸಾಲಿನಲ್ಲಿ ಒಂದೂ ಗೀಟಿಲ್ಲ. ಹಾಳೆ ತಾನೇ ಮಾತಾಡುತ್ತಿತ್ತು. ನಾನು ಮಾಡಿದ ತಪ್ಪೆಂದರೆ ಅದನ್ನು ಆಫೀಸ್ ರೂಮಿನಲ್ಲಿ, ಹೆಡ್‌ಮಾಸ್ಟರ್ ಎದುರಿಗೆ ಕೊಟ್ಟದ್ದು. ಮೇಷ್ಟ್ರು ಮಡಚಿ ಜೇಬಿಗಿಟ್ಟರು, ಒಂದು ತಿಂಗಳು ಮಾತಿಲ್ಲ. ಅಲ್ಲಿಂದಾಚೆ ಹಾಳೆ ಕೊಡುವುದು ಬೇವಿನ ಮರದ ಕೆಳಗೆ, ಇಬ್ಬರೇ ಇದ್ದಾಗ. ಮುನಿಸಿಕೊಂಡ ಮೇಷ್ಟ್ರನ್ನು ಮತ್ತೆ ಒಲಿಸಿಕೊಳ್ಳಲು ನಾನೇ ಅವರ ಕ್ಲಾಸು ತಗೊಂಡೆ, ಪೆನ್ಸಿಲ್ ಅವರ ಕೈಗೆ ಕೊಟ್ಟೆ. ನನ್ನ ಹಾಳೆಯೂ ಅವರದ್ದಕ್ಕಿಂತ ಬೇರೆ ಇರಲಿಲ್ಲ. ನಾನೂ ಮುಂದಿನ ಎರಡು ಸಾಲಿನಲ್ಲೇ ಸುತ್ತಿದ್ದೆ. "ಏನ್ ಸಾರ್, ಕಿಟಕಿ ಕಡೆ ನಿಮಗೂ ಕಾಣ್ಸಲ್ವಾ?" ಅಂತ ಅವರು ಕೇಳಿದ ಖುಷಿ ನೋಡಬೇಕಿತ್ತು! ಈಗ ಎಲ್ಲ ಶಾಲೆಯಲ್ಲೂ ಮೊದಲ ಹಾಳೆ ನನ್ನದೇ. ಅವರು ನನ್ನನ್ನು ಎಣಿಸಿದ ಮೇಲೆ ನಾನು ಅವರನ್ನು ಎಣಿಸುವುದು.

"ನೀವು ಸಿಆರ್‌ಪಿನೋ, ಬದಲಿ ಮೇಷ್ಟ್ರೋ?" ಅಂತ ನನ್ನ ಜೊತೆಯ ಸಿಆರ್‌ಪಿಗಳೇ ನಗುತ್ತಿದ್ದರು. ಮೇಲಿನವರ ತಕರಾರು ಬೇರೆ: "ದಾಖಲೆ ಎಲ್ರೀ?" ಹಾಳೆ ಶಿಕ್ಷಕರ ಹತ್ತಿರ ಉಳಿದರೆ ನನ್ನ ಫೈಲಿನಲ್ಲಿ ಏನಿರುತ್ತದೆ? ಪ್ರತಿ ಇಟ್ಟುಕೊಂಡ ದಿನ ಆಟ ಮುಗಿಯಿತು ಅಂತ ನನಗೆ ಗೊತ್ತಿತ್ತು. ಈ ಎರಡನ್ನೂ ಹೇಗೆ ನಿಭಾಯಿಸಿದೆ ಅಂತ ಮಾತ್ರ ಕೇಳಬೇಡಿ. ಇನ್ನೂ ಸರ್ವೀಸ್ ಇದೆ. ಸುಳ್ಳು ಬರೆದಿಲ್ಲ, ಅಷ್ಟು ಹೇಳಬಲ್ಲೆ.

ಪಾಠಕ್ಕಿಂತ ಮುಂಚೆ ಇನ್ನೊಂದು ಕೆಲಸ ಆಗಬೇಕಿತ್ತು. ಅದು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಬೆಳಿಗ್ಗೆ 11 ಗಂಟೆಗೆ 'ತುರ್ತು: ಮಧ್ಯಾಹ್ನ 1ರೊಳಗೆ ಮಾಹಿತಿ ಕಳಿಸಿ' ಅನ್ನುವ ಮೆಸೇಜು ಬಂದರೆ ಯಾವ ಪಾಠ ಉಳಿಯುತ್ತದೆ? ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಶೂ ಸೈಜು ಅಂತ ಕೂತರೆ ಇನ್ನೊಬ್ಬರ ಮುಂದೆ ಐದು ಕ್ಲಾಸು. ಆ ಮೆಸೇಜು ಕಳಿಸುತ್ತಿದ್ದವನು ನಾನೇ! ಮೇಲಿಂದ ಬಂದದ್ದನ್ನು ಹಾಗೇ ಕೆಳಗೆ ತಳ್ಳುತ್ತಿದ್ದೆ. ಕೂತು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಾಹಿತಿ ಮಕ್ಕಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲೋ ಹಿಂದಿನ ತಿಂಗಳ ತಖ್ತೆಯಲ್ಲೋ (ಮಾಹಿತಿ ಪಟ್ಟಿ) ಇತ್ತು. 14 ಶಾಲೆಗೆ ಒಂದೇ ದೊಡ್ಡ ತಖ್ತೆ ಮಾಡಿ, ರಾತ್ರಿ ಕೂತು ತುಂಬಿಸಿದೆ. ಈಗ ಕೇಳಿದ್ದರಲ್ಲಿ ಹತ್ತಕ್ಕೆ ಆರು-ಏಳನ್ನು ನಾನೇ ಕಳಿಸುತ್ತೇನೆ. ಆ ತಖ್ತೆಯಲ್ಲಿ ಯಾವ ಕಾಲಂ ಇಟ್ಟಿದ್ದೇನೆ ಅನ್ನುವುದು ಎರಡನೇ ಗುಟ್ಟು. ಬೇಕಾದವರು ಮನೆಗೆ ಬನ್ನಿ, ಚಹಾ ಕುಡಿಯುತ್ತಾ ತೋರಿಸುತ್ತೇನೆ.

ಹೀಗೆ ಒಂದು ಮೆಸೇಜು ಕಡಿಮೆಯಾದರೆ ಒಂದು ಬಾಗಿಲು ತೆರೆಯಿತು. ಅತಿಥಿ ಶಿಕ್ಷಕರ ಮಟ್ಟಿಗೆ ಅಷ್ಟು ಸಾಲದು. ಸಿಗುವ ಗೌರವಧನವೇ ಸಣ್ಣದು, ಅದೂ ತಿಂಗಳುಗಟ್ಟಲೆ ತಡ. ಅಂಥವರಿಗೆ ಹಾಳೆ ಹಿಡಿದು 'ಇನ್ನೂ ಬೆಳೀಬೇಕು' ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಬಿಲ್ಲು ಎಲ್ಲಿ ನಿಂತಿದೆ ಅಂತ ವಿಚಾರಿಸಿ ಹೇಳುವುದೇ ಅವರಿಗೆ ನಾನು ಮಾಡಿದ ದೊಡ್ಡ ತರಬೇತಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ಅತಿ ದೂರದ ಶಾಲೆ 17 ಕಿಲೋಮೀಟರ್. ಹತ್ತು ದಿನಕ್ಕೊಮ್ಮೆ ವಾಪಸ್ ಹೋಗುವ ನಿಯಮದಿಂದ ಪೆಟ್ರೋಲು ತಿಂಗಳಿಗೆ 2,000 ದಾಟಿತು. ಭತ್ಯೆ ಬಂದಾಗ ಬಂತು. ಸಭೆಗೆ ಮಂಡಕ್ಕಿ-ಮಿರ್ಚಿ ಮೊದಲ ಮೂರು ತಿಂಗಳು ನನ್ನ ಜೇಬಿನಿಂದ, ತಿಂಗಳಿಗೆ 800-900. ಮನೆಯಲ್ಲಿ ಜಗಳ. ಆಮೇಲೆ ತಲಾ 25 ರೂಪಾಯಿ ಹಾಕಿಕೊಂಡೆವು. ಎಲ್ಲ ಶಾಲೆಗೂ ಸಮನಾಗಿ ಓಡಾಡಿದ್ದರೆ ಯಾವ ಶಾಲೆಗೂ ಏನೂ ಆಗುತ್ತಿರಲಿಲ್ಲ. ಒಂದು ಸಲಕ್ಕೆ ಐದಾರು ಜನ ಶಿಕ್ಷಕರನ್ನು ಮಾತ್ರ ಹಿಡಿದೆ. ಉಳಿದವರಿಗೆ ಮಾಮೂಲಿ ಭೇಟಿ. ಇದನ್ನು ಅನ್ಯಾಯ ಅಂದವರಿದ್ದಾರೆ. ಇರಲಿ.

ಮಂಡಕ್ಕಿ ದಂಡವಾಗಲಿಲ್ಲ. ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಕೊನೆಯ ಅರ್ಧ ಗಂಟೆಗೆ ತಳ್ಳಿ, ಶುರುವಿನಲ್ಲಿ 'ಸೋತ ಪಾಠ' ಅಂತ ಇಟ್ಟೆ. ಮೊದಲ ತಿಂಗಳು ನನ್ನ 35ರ ಕಥೆ. ಎರಡನೇ ತಿಂಗಳೂ ನನ್ನದೇ ಇನ್ನೊಂದು. ಮೂರನೆಯ ತಿಂಗಳು ಎದ್ದು ನಿಂತವರು, ನಿವೃತ್ತಿಗೆ ಎರಡೇ ವರ್ಷ ಇದ್ದ ಒಬ್ಬ ಹಿರಿಯ ಮೇಡಂ. "ನನ್ನನ್ನ ಬಿಟ್ಬಿಡಿ ಸಾರ್, ನಂದೇನಿದ್ರೂ ಮುಗೀತು" ಅಂತ ಅಂದಿದ್ದವರು. ನಲಿ-ಕಲಿಯಲ್ಲಿ (ಚಿಕ್ಕ ಕ್ಲಾಸುಗಳ ಚಟುವಟಿಕೆ ಪದ್ಧತಿ) ಮೊದಲು ಬರುವ ರ ಗ ಸ ದ ಅ ಅಕ್ಷರ ಕಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ನಾಲ್ಕನೇ ಕ್ಲಾಸಿನಲ್ಲಿ ಒತ್ತಕ್ಷರದ ಹತ್ತಿರ ಮಕ್ಕಳು ನಿಂತುಬಿಡುತ್ತಾರೆ, ತನಗೆ ದಾರಿ ಕಾಣುತ್ತಿಲ್ಲ ಅಂದರು. ಸಭೆ ಗಪ್‌ಚುಪ್. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಅವತ್ತು ಹುಟ್ಟಿದ್ದು ಬಸ್ ಬೋರ್ಡ್ ಪ್ರಯೋಗ. ನಮ್ಮದು ಚಿತ್ರದುರ್ಗ ಜಿಲ್ಲೆ. ನಮ್ಮ ಬಸ್ಸುಗಳ ಬೋರ್ಡು ಓದಿದರೆ ಒತ್ತಕ್ಷರದ ಪಾಠ ಅರ್ಧ ಮುಗಿದ ಹಾಗೆ! ಚಳ್ಳಕೆರೆ, ಬಳ್ಳಾರಿ, ಹೊಳಲ್ಕೆರೆ, ಮೊಳಕಾಲ್ಮೂರು. ಚಿತ್ರದುರ್ಗ ಅನ್ನುವ ಒಂದೇ ಹೆಸರಿನಲ್ಲಿ ತ್ರ ಇದೆ, ಜೊತೆಗೆ ಮಕ್ಕಳನ್ನು ಕಾಡುವ ಅರ್ಕಾವತ್ತೂ ಇದೆ. ರಟ್ಟಿನ ಮೇಲೆ ಬರೆದು ಮಕ್ಕಳ ಕೊರಳಿಗೆ ಕಟ್ಟಿ, ಮಕ್ಕಳೇ ಬಸ್ಸು, ಮಕ್ಕಳೇ ಕಂಡಕ್ಟರು. ಬೋರ್ಡು ಓದಿದವರಿಗೆ ಮಾತ್ರ ಟಿಕೆಟ್. ಆ ಕ್ಲಾಸಿನಲ್ಲಿ 19 ಮಕ್ಕಳು. ಜೂನ್‌ನಲ್ಲಿ ಐದಾರು ಜನ ಓದುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ 15 ಇರಬೇಕು. ಉಳಿದ ನಾಲ್ವರಲ್ಲಿ ಇಬ್ಬರು ಶೇಂಗಾ ಸುಗ್ಗಿಯಲ್ಲಿ ಶಾಲೆಗೇ ಬಂದಿರಲಿಲ್ಲ. ಹಿರಿಯ ಮೇಡಂ ನಿವೃತ್ತಿಯಾದರೂ ಈಗಲೂ ಸಭೆಗೆ ಬರುತ್ತಾರೆ, 25 ರೂಪಾಯಿಯನ್ನೂ ಹಾಕುತ್ತಾರೆ.

ಇನ್ನೊಂದು ಪ್ರಯೋಗ, ಇಬ್ಬರು ಶಿಕ್ಷಕರು ಒಂದು ದಿನ ಶಾಲೆ ಬದಲಾಯಿಸಿಕೊಳ್ಳುವುದು. "ಪಕ್ಕದ ಶಾಲೆ ನೋಡಿದ್ರೆ ಏನ್ ಬಂತು?" ಅಂದರು ಒಬ್ಬರು. ನಾವು ದಿನಾ ಮಾಡುವ ನಲಿ-ಕಲಿ ಎಲ್ಲಿಂದ ಬಂತು ಅಂತ ನಾನು ನೆನಪಿಸಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕ್ಲಾಸು ನೋಡಿ ಬಂದದ್ದರಿಂದ ತಾನೇ? ವಾದ ಗೆದ್ದೆ, ಪ್ರಯೋಗ ಸೋತೆ. ಹೊಸ ಮುಖ ನೋಡಿ ಒಂದನೇ ಕ್ಲಾಸಿನ ಮಕ್ಕಳು ಅತ್ತೇ ಅತ್ತವು. ಬದಲಾಯಿಸಿಕೊಳ್ಳುವುದು ಬೇಡ, ಪಕ್ಕದಲ್ಲಿ ಕೂತು ನೋಡಿದರೆ ಸಾಕು ಅಂತ ಆಮೇಲೆ ತಿಳಿಯಿತು. ಅದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಒಟ್ಟು ಏನಾಯಿತು? ಕ್ಲಸ್ಟರಿನಲ್ಲಿ 40ರ ಹತ್ತಿರ ಶಿಕ್ಷಕರು. ಮೂರು ವರ್ಷದಲ್ಲಿ ಇಪ್ಪತ್ತು-ಇಪ್ಪತ್ತೆರಡು ಜನ ತಾವಾಗಿ "ನನ್ನ ಕ್ಲಾಸಿಗೆ ಬನ್ನಿ" ಅಂದರು. ಅದರಲ್ಲಿ ಒಂಬತ್ತು-ಹತ್ತು ಜನರ ಪಾಠ ಕಣ್ಣಿಗೆ ಕಾಣುವ ಹಾಗೆ ಬದಲಾಯಿತು. ಐದು ಜನ ಕೊನೆಗೂ ಬಾಗಿಲು ತೆರೆಯಲಿಲ್ಲ. ಅವರಲ್ಲಿ ಒಬ್ಬರು ಒಳ್ಳೆಯ ಮೇಷ್ಟ್ರೇ, ನನ್ನ ಅಗತ್ಯ ಅವರಿಗಿರಲಿಲ್ಲ. ನಕ್ಕಿದ್ದ ಸಿಆರ್‌ಪಿಗಳಲ್ಲಿ ಇಬ್ಬರು ಹೋದ ದಸರಾ ರಜೆಯಲ್ಲಿ ಫೋನ್ ಮಾಡಿ ಚೌಕ ಹಾಕುವುದು ಹೇಗೆ ಅಂತ ಕೇಳಿದರು. ಸ್ವಲ್ಪ ಹೊತ್ತು ಸತಾಯಿಸಿಯೇ ಹೇಳಿದೆ.

ಈಗ ಕೈಯಲ್ಲಿರುವುದು ನಮ್ಮ ಉರ್ದು ಶಾಲೆ. ನನಗೆ ಉರ್ದು ಓದಲು ಬರುವುದಿಲ್ಲ, ಅದಕ್ಕೇ ಇಷ್ಟು ದಿನ ಆ ಕಡೆ ಸುಮ್ಮನಿದ್ದೆ. ಹೋದ ತಿಂಗಳು ಅಲ್ಲಿನ ಟೀಚರೇ ಕರೆದರು. "ಗೀಟು ಎಣಿಸೋಕೆ ಉರ್ದು ಯಾಕೆ ಸಾರ್?" ಹೌದಲ್ವಾ. ಹೋಗಿ ಮೊದಲು ನಾನು ಕನ್ನಡ ಪಾಠ ಮಾಡಿದೆ, ಅವರು ಎಣಿಸಿದರು. ಈ ಸಲವೂ ಕಿಟಕಿ ಕಡೆ ಎರಡು ಚೌಕ ಖಾಲಿ ಉಳಿದಿದ್ದವು. ಶನಿವಾರ ಅವರ ಸರದಿ.