ಗ್ರಂಥಿಗಳೇ ಕಾಣದ ಸ್ಲೈಡು

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಬಹುಪಾಲು ಸಾಮಾನ್ಯ ಅಡಿನೋಕಾರ್ಸಿನೋಮಾಗಳೇ, ಅಂದರೆ ಗ್ರಂಥಿ ಕಟ್ಟುವ ಕೋಶಗಳ ಕ್ಯಾನ್ಸರುಗಳೇ. ಅಂಕುಡೊಂಕಾದ ಗ್ರಂಥಿಗಳು, ಅವುಗಳೊಳಗೆ ಸತ್ತ ಕೋಶಗಳ ಕಸ. ಪೆಥಾಲಜಿಸ್ಟ್ ಆದ ನನಗೆ ಮೈಕ್ರೋಸ್ಕೋಪಿನ ಕಡಿಮೆ ಪವರ್‌ನಲ್ಲೇ ಗೊತ್ತಾಗಿಬಿಡುತ್ತದೆ. ಉಪವಿಧ ಹೇಳುವಾಗ ಮಾತ್ರ ಕಣ್ಣಳತೆಯ ಲೆಕ್ಕ ಶುರು. ಗಡ್ಡೆಯ 50%ಕ್ಕಿಂತ ಹೆಚ್ಚು ಭಾಗ ಕೋಶಗಳ ಹೊರಗೆ ಹರಡಿದ ಲೋಳೆಯಾಗಿದ್ದರೆ ಮ್ಯುಸಿನಸ್. ಲೋಳೆ ಕೋಶದೊಳಗೇ ತುಂಬಿ ನ್ಯೂಕ್ಲಿಯಸ್ಸನ್ನು ಅಂಚಿಗೆ ಒತ್ತಿದ್ದರೆ, ನೋಡಲು ಮುದ್ರೆಯುಂಗುರದ ಹಾಗೆ. ಅಂಥ ಕೋಶಗಳು 50% ದಾಟಿದರೆ ಸಿಗ್ನೆಟ್ ರಿಂಗ್. ಬಯಾಪ್ಸಿಯ ನಾಲ್ಕು ಚೂರಿನಲ್ಲಿ ಈ ಅರ್ಧವನ್ನು ಅಳೆಯಲು ಹೋಗಬಾರದು. ‘ಲೋಳೆಯ ಅಂಶವಿದೆ’ ಎಂದಷ್ಟೇ ಬರೆದು, ಆಪರೇಷನ್ನಿನ ಸ್ಪೆಸಿಮನ್ ಬರಲಿ ಎಂದು ಕಾಯುತ್ತೇನೆ.

ನನ್ನನ್ನು ಸತಾಯಿಸಿದ್ದು ಬೇರೆಯದೇ. ವಯಸ್ಸಾದ ಹೆಂಗಸು, ಬಲಭಾಗದ ಕರುಳು. ಸ್ಲೈಡಿನಲ್ಲಿ ಗ್ರಂಥಿಯೇ ಇಲ್ಲ. ಕೋಶಗಳ ಹಾಸು, ದಪ್ಪ ನ್ಯೂಕ್ಲಿಯೋಲಸ್, ನಡುನಡುವೆ ನುಗ್ಗಿದ ಲಿಂಫೋಸೈಟುಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು.

“ಲಿಂಫೋಮಾ ಇರಬಹುದಾ ಮೇಡಂ?” ಎಂದಳು ಪಿಜಿ ಹುಡುಗಿ. ತಪ್ಪು ಪ್ರಶ್ನೆಯಲ್ಲ. ಒಳಪದರದ ಕೋಶಗಳ ಗುರುತಾದ ಸೈಟೋಕೆರಾಟಿನ್ ಪಾಸಿಟಿವ್ ಬಂತು, ಲಿಂಫೋಮಾ (ಲಿಂಫೋಸೈಟುಗಳದೇ ಕ್ಯಾನ್ಸರ್) ಹೋಯಿತು. ನ್ಯೂರೋಎಂಡೋಕ್ರೈನ್ (ಹಾರ್ಮೋನು ಸ್ರವಿಸುವ ಕೋಶಗಳ) ಗಡ್ಡೆಯ ಗುರುತಾದ ಸಿನಾಪ್ಟೊಫೈಸಿನ್ ನೆಗೆಟಿವ್, ಅದೂ ಹೋಯಿತು. ಆದರೆ ಕರುಳಿನ ಗುರುತುಗಳಾದ ಸಿಕೆ20, ಸಿಡಿಎಕ್ಸ್2 ಎರಡೂ ನೆಗೆಟಿವ್! ಬೇರೆ ಅಂಗದಿಂದ ಹರಡಿ ಬಂದಿದ್ದೇ ಎಂಬ ಅನುಮಾನ ಒಂದು ರಾತ್ರಿ ಕಾಡಿತು. ಗ್ರಂಥಿ ಕಟ್ಟದೆ ಹಾಸಾಗಿ ಬೆಳೆಯುವ ಮೆಡುಲರಿ ಉಪವಿಧ ಈ ಎರಡನ್ನೂ ಕಳೆದುಕೊಳ್ಳಬಹುದು ಎಂದು ಓದಿದ್ದೆ, ಎದುರಿಗೆ ಬಂದಾಗ ಹೊಳೆಯಲಿಲ್ಲ.

ಮರುದಿನ, ಮೆಡುಲರಿಯಲ್ಲಿ ಹೆಚ್ಚಾಗಿ ಕೆಲವು ಕಾಣೆಯಾಗುವ ಡಿಎನ್ಎ ದುರಸ್ತಿಯ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿಸಿದೆ: ಎಂಎಲ್ಎಚ್1, ಪಿಎಂಎಸ್2, ಎಂಎಸ್ಎಚ್2, ಎಂಎಸ್ಎಚ್6. ಮೊದಲೆರಡು ಗಡ್ಡೆಯಲ್ಲಿಲ್ಲ. ಪಕ್ಕದ ಲಿಂಫೋಸೈಟುಗಳಲ್ಲೂ ಇಲ್ಲ! ಆರೋಗ್ಯವಂತ ಕೋಶವೇ ಬಣ್ಣ ಹಿಡಿಯದಿದ್ದರೆ ಆ ಸ್ಲೈಡನ್ನು ನಂಬುವಂತಿಲ್ಲ. ಕಾರಣ ಸರಳ: ಕರುಳನ್ನು ಸೀಳದೆ, ಅಂಗಾಂಶ ಕೆಡದಂತೆ ಕಾಪಾಡುವ ಇಷ್ಟೇ ಇಷ್ಟು ಫಾರ್ಮಾಲಿನ್‌ನಲ್ಲಿ ಅದ್ದಿ ಕಳಿಸಿದ್ದರು, ಒಳಭಾಗಕ್ಕೆ ಅದು ಇಳಿದೇ ಇರಲಿಲ್ಲ. ಚೆನ್ನಾಗಿ ಫಿಕ್ಸ್ ಆಗಿದ್ದ ಅಂಚಿನ ಬ್ಲಾಕ್ ಹುಡುಕಿ ಮತ್ತೆ ಮಾಡಿಸಿದೆ. ಈ ಸಲ ಲಿಂಫೋಸೈಟುಗಳು ಕಂದು, ಗಡ್ಡೆ ಖಾಲಿ. ಮೆಡುಲರಿ ಎಂದು ಧೈರ್ಯವಾಗಿ ಬರೆದೆ. ನೋಟಕ್ಕೆ ಭಯಂಕರ, ನಡತೆಯಲ್ಲಿ ಅಷ್ಟಿಲ್ಲದ ಗಡ್ಡೆ ಇದು.

ಈ ದುರಸ್ತಿ ದೋಷ ವಂಶದಿಂದ ಬಂದರೆ ಅದೇ ಲಿಂಚ್ ಸಿಂಡ್ರೋಮ್. ಸರ್ಜನ್ ಫೋನ್ ಮಾಡಿ ಕೇಳಿದ್ದು ಒಂದೇ: “ಲಿಂಚ್ ಸಿಂಡ್ರೋಮ್ ಇರಬಹುದಾ? ಮಕ್ಕಳನ್ನೂ ಟೆಸ್ಟಿಗೆ ಕರೆಸಬೇಕಾ?” ಗಡ್ಡೆಯ ಬಿಆರ್ಎಎಫ್ ಜೀನಿನ ವರದಿ ಬರುವವರೆಗೆ ತಡೆಯಿರಿ ಎಂದೆ. ಲಿಂಚ್ ಗಡ್ಡೆಗಳಲ್ಲಿ ತೀರ ಅಪರೂಪವಾದ ವಿ600ಇ ಮ್ಯುಟೇಷನ್ ಆ ಜೀನಿನಲ್ಲಿ ಸಿಕ್ಕಿತು. ವಂಶದಿಂದ ಬಂದದ್ದಾಗಿರುವ ಸಾಧ್ಯತೆ ತೀರ ಕಡಿಮೆ, ಸದ್ಯಕ್ಕೆ ಕರೆಸುವುದು ಬೇಡ ಎಂದು ನಾನೇ ಫೋನ್ ಮಾಡಿ ಹೇಳಿದೆ.