48 ಕಾಲು, ಒಂದೇ ಫರ್ಮಾ

ಹೋದ ದೀಪಾವಳಿಗೆ ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ 24 ಸಾಗುವಾನಿ ಕುರ್ಚಿ ಮಾಡಿಕೊಟ್ಟೆ. ಹಿಂದಿನ ಕಾಲುಗಳು ಬಾಗಿದವು, ಒಟ್ಟು 48. ಎಲ್ಲವನ್ನೂ ಒಂದೇ ಫರ್ಮಾ (ಅಚ್ಚಿನ ಹಲಗೆ) ಇಟ್ಟು, ಮರದ ಅಂಚು ಕೆತ್ತುವ ಮಿಷಿನ್ ರೂಟರ್‌ನಲ್ಲಿ ತೆಗೆದೆ. ಯಾವ ಎರಡನ್ನು ಜೋಡಿಸಿ ಹಿಡಿದರೂ ನಡುವೆ ಬೆಳಕು ಕಾಣಲಿಲ್ಲ.

ಶುರುವಿನಲ್ಲಿ ಯಾರೂ ನಂಬಿರಲಿಲ್ಲ. ಡೊಂಬಿವಲಿಯ ನಮ್ಮ ಶೆಡ್ಡಿನಲ್ಲಿ ವಿಜಯಪುರದ ಕಾಕಾ ಒಬ್ಬರಿದ್ದಾರೆ, 30 ವರ್ಷದ ಕೈ. "ತಮ್ಮಾ, ಈ ಮಿಷಿನ್ ಪ್ಲೈವುಡ್‌ಗೆ ಸೈ. ಬಾಗಿದ ಸಾಗವಾನಿ ಇದರ ಮಾತ ಕೇಳಂಗಿಲ್ಲ" ಅಂದರು. ಮೊದಲ ವಾರ ಅವರು ಹೇಳಿದ್ದೇ ನಿಜವಾಯಿತು.

ಮೊದಲ 10 ಕಾಲುಗಳಲ್ಲಿ 7 ಹಾಳಾದವು. ಒಂದಕ್ಕೆ ಮರದ ಖರ್ಚೇ ಸುಮಾರು 500 ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ಮುಂಬೈನ ಹಾರ್ಡ್‌ವೇರ್ ಪೇಟೆ ನಾಗದೇವಿ ಸ್ಟ್ರೀಟ್‌ನಲ್ಲಿ 350ಕ್ಕೆ ತಂದ ಬಿಟ್‌ನ (ಮರ ಕೊರೆಯುವ ಅಲಗು) ಬೇರಿಂಗ್, ಅಂದರೆ ಫರ್ಮಾದ ಅಂಚಿಗೆ ತಾಗಿ ಉರುಳುವ ಗಾಲಿ, ಎರಡನೇ ದಿನ ಜಾಮ್ ಆಯಿತು. ತಿರುಗದ ಬೇರಿಂಗ್ ಫರ್ಮಾದ ಅಂಚನ್ನು ಸುಟ್ಟು ಅಲ್ಲೊಂದು ಸಣ್ಣ ಹಳ್ಳ ಮಾಡಿತು. ಉಗುರು ಆಡಿಸಿದರೆ ಮಾತ್ರ ಸಿಗುವಷ್ಟು. ಆದರೆ ಫರ್ಮಾದಲ್ಲಿ ಇದ್ದದ್ದು ಮರಕ್ಕೂ ಬರುತ್ತದೆ ಅಲ್ವಾ? ನಾಲ್ಕು ಕಾಲುಗಳಲ್ಲಿ ಅದೇ ಜಾಗದಲ್ಲಿ ಅದೇ ಹಳ್ಳ. ಉಳಿದ ಮೂರು ಬಾಗಿದ ಕಡೆ ಸಿಬಿರೆದ್ದು ಹೋದವು. ಅದರಲ್ಲಿ ಒಂದು ಕೈಯಿಂದ ಕಿತ್ತುಕೊಂಡು ಗೋಡೆಗೆ ಬಡಿಯಿತು. ಆ ದಿನ ಮಿಷಿನ್ ಬಂದ್ ಮಾಡಿ ಮನೆಗೆ ಹೋದೆ.

ಮಳೆಗಾಲದ್ದು ಇನ್ನೊಂದು ತಾಪತ್ರಯ. ಮರದ ಪುಡಿ ಒತ್ತಿ ಮಾಡಿದ ಎಮ್‌ಡಿಎಫ್ ಹಲಗೆಯ ಫರ್ಮಾ ಜುಲೈನಲ್ಲಿ ಅಂಚು ಉಬ್ಬಿಸಿಕೊಂಡಿತು. ಫರ್ಮಾವನ್ನು ಕಾಲಿಗೆ ಹಿಡಿಸಲು ಹಾಕಿದ, ಎರಡೂ ಬದಿ ಅಂಟುವ ಡಬಲ್ ಟೇಪ್ ಸಾಗುವಾನಿಯ ಎಣ್ಣೆಗೆ ಕಚ್ಚಲಿಲ್ಲ. ಈಗ 12 ಎಂಎಂ ಪ್ಲೈ. ಅದರ ಅಂಚಿಗೆ ಏನು ಬಳಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಟೇಪ್ ಬಿಟ್ಟು ಸ್ಕ್ರೂ ಹಾಕುತ್ತೇನೆ. ಸೀಟಿನ ಪಟ್ಟಿ ಕೂರುವ ತೂತು ಎಲ್ಲಿ ಬರುತ್ತದೋ ಅಲ್ಲೇ ಸ್ಕ್ರೂ. ಆಮೇಲೆ ತೂತು ತೋಡುವಾಗ ಸ್ಕ್ರೂ ಗುರುತೂ ಹೊರಟುಹೋಗುತ್ತದೆ.

ಕೆಲಸ ಕೂಡಿಸಿದ್ದು ಎರಡೂ ತುದಿಗೆ ಬೇರಿಂಗ್ ಇರುವ ಬಿಟ್. ಅರ್ಧ ಇಂಚಿನ ಶ್ಯಾಂಕ್ (ಮಿಷಿನ್‌ಗೆ ಸಿಗಿಸುವ ಕಡ್ಡಿ), 19 ಎಂಎಂ ದಪ್ಪ, ಹೆಚ್ಚುಕಡಿಮೆ 2,200 ರೂಪಾಯಿ ಬಿತ್ತು. ಬಾಗಿದ ಕಾಲಿನಲ್ಲಿ ಮರದ ಎಳೆ ಅರ್ಧ ದಾರಿಗೆ ಬಿಟ್‌ಗೆ ಎದುರು ಬೀಳುತ್ತದೆ, ಸಿಬಿರು ಏಳುವುದು ಅಲ್ಲೇ. ಬಾಗಿನವರೆಗೆ ಒಂದು ಬೇರಿಂಗ್ ಮೇಲೆ ಹೋಗುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಫರ್ಮಾ ಸಮೇತ ಕಾಲನ್ನು ಮಗುಚಿ, ಬಿಟ್‌ನ ಎತ್ತರ ಬದಲಿಸಿ, ಉಳಿದರ್ಧ ಇನ್ನೊಂದು ಬೇರಿಂಗ್ ಮೇಲೆ. ಎರಡು ಸಲವೂ ಎಳೆಯ ಇಳಿಜಾರಿನಲ್ಲೇ ಹೋದ ಹಾಗಾಯಿತು. ಆದರೆ ಮೊದಲು ಬ್ಯಾಂಡ್ ಸಾ ಗರಗಸದಲ್ಲಿ, ಗೆರೆಯ ಹೊರಗೆ 2 ಎಂಎಂಗಿಂತ ಹೆಚ್ಚು ಮರ ಉಳಿಯದ ಹಾಗೆ ಕೊಯ್ದಿರಬೇಕು. 5 ಎಂಎಂ ಬಿಟ್ಟರೆ ಮತ್ತೆ ಸಿಬಿರು. ಕೈಯಲ್ಲಿ ದಿನಕ್ಕೆ ಎರಡು ಮೂರು ಕಾಲು ಆಗುತ್ತಿತ್ತು. ಈಗ ಒಂದಕ್ಕೆ 20 ನಿಮಿಷ.

ನಡುವೆ ಗೈಡ್ ಬುಷ್ (ಬಿಟ್ ಸುತ್ತ ಕೂತು ಫರ್ಮಾದ ಅಂಚಿಗೆ ತಾಗಿ ಸಾಗುವ ಬಳೆ) ಹಾಕಿ ಕನ್ನಡ ನೇಮ್‌ಪ್ಲೇಟ್ ಕೂಡ ಮಾಡಿ ನೋಡಿದೆ. 10 ಎಂಎಂ ಬುಷ್, 6 ಎಂಎಂ ಬಿಟ್. ಹಾಗಾಗಿ ಫರ್ಮಾದ ಅಕ್ಷರ ಸುತ್ತಲೂ 2 ಎಂಎಂ ದೊಡ್ಡದಿರಬೇಕು. ನಮ್ಮ ಅಕ್ಷರ ದುಂಡಗೆ, ರೂಟರ್‌ಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಕೊಟ್ಟದ್ದು ಜ್ಞ. ಗೆರೆ ಗೆರೆ ನಡುವೆ ಮರದಲ್ಲಿ 5 ಎಂಎಂ ಇದ್ದರೆ ಫರ್ಮಾದಲ್ಲಿ ಉಳಿಯುವುದು 1 ಎಂಎಂ. ಬುಷ್ ತಾಗಿದ ಕೂಡಲೇ ಮುರಿಯಿತು. ಅಕ್ಷರವನ್ನೇ ದೊಡ್ಡದು ಮಾಡಿದ ಮೇಲೆ ನಿಂತಿತು. ಫರ್ಮಾದಲ್ಲಿ ಠ ಅಕ್ಷರದ ಒಳಗಿನ ಗುಂಡು ಕಳಚಿ ಬೀಳುತ್ತದೆ, ಅದನ್ನು ಬೇರೆಯೇ ಅಂಟಿಸಬೇಕು. ಒಂದು ಪ್ಲೇಟಿಗೆ 1,500ರವರೆಗೆ ಕೊಡುತ್ತಾರೆ, ಇದುವರೆಗೆ ಒಂಬತ್ತು ಹೋಗಿವೆ.

ಕೊನೆಯ ಕಾಲು ಮುಗಿದ ದಿನ ಕಾಕಾ ಅದನ್ನು ತೆಗೆದುಕೊಂಡು, ಬಾಗಿನ ಮೇಲೆ ಹೆಬ್ಬೆರಳು ಎಳೆದರು. ಎರಡು ಸಲ ಎಳೆದರು. ಏನೂ ಹೇಳಲಿಲ್ಲ. ಮಾರನೇ ಬೆಳಗ್ಗೆ ನಾನು ಬರುವಷ್ಟರಲ್ಲಿ, ತಮ್ಮ ಮಗಳ ಮನೆಯ ತೊಟ್ಟಿಲಿಗೆ ಪ್ಲೈ ಮೇಲೆ ಪೆನ್ಸಿಲ್‌ನಲ್ಲಿ ಫರ್ಮಾ ಬರೆದಿಟ್ಟಿದ್ದರು.